ಸುಟ್ಟ ಬೆಟ್ಟಕ್ಕೆ ಟಿಕೆಟ್ ಕೊಡುವ ಮುನ್ನ: ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ನಮ್ಮ ಬೆಟ್ಟದ ಕಾಡು ನೋಡಿಕೊಳ್ಳುವ ಅರಣ್ಯಾಧಿಕಾರಿಗಳಿಗೆ, ಹಾಗೂ ಅಲ್ಲಿಗೆ ಪ್ರವಾಸಿಗರನ್ನು ಕರೆಯುವ ಜಿಲ್ಲೆಯ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ಈ ಪತ್ರದಲ್ಲಿ ಬೆಟ್ಟದ ಹೆಸರು ಬರೆದಿಲ್ಲ. ನಿಮಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಹೆಸರು ಹಾಕಿದರೆ ಮುಂದಿನ ಶನಿವಾರ ಇನ್ನೊಂದಿಷ್ಟು ಕಾರು ಬರುತ್ತವೆ, ಅದು ಬೇಡ. ಓದುವವರು ಪಶ್ಚಿಮ ಘಟ್ಟದ ಒಂದು ಬೆಟ್ಟ ಅಂದುಕೊಳ್ಳಲಿ. ಮೇಲೆಲ್ಲ ಹುಲ್ಲು, ಕಣಿವೆಯ ಸಂದುಗಳಲ್ಲಿ ಶೋಲೆ ಅನ್ನುವ ದಟ್ಟ, ತೇವದ ಕಾಡು, ಕೆಳಗೆ ಕಾಫಿ ತೋಟ. ನಮ್ಮ ಮನೆಯವರಿಗೆ ಅದು ವರ್ಷವರ್ಷ ಹೋಗಿ ಬರುವ ಜಾಗ. ಮಕ್ಕಳು ನಡೆಯಲು ಕಲಿತಾಗಿನಿಂದ ಅಲ್ಲಿ ನಡೆದಿದ್ದಾರೆ. ಯಾವ ತಿರುವಿನಲ್ಲಿ ಗಾಳಿ ಜೋರು, ಯಾವ ಬಂಡೆ ಕೆಳಗೆ ಬೇಸಿಗೆಯಲ್ಲೂ ನೀರು ಜಿನುಗುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಈ ಮಾರ್ಚ್‌ನಲ್ಲಿ ಪಕ್ಕದ ಗುಡ್ಡಸಾಲಿಗೆ ಬೆಂಕಿ ಬಿತ್ತು. ಮೂರ್ನಾಲ್ಕು ದಿನ ಉರಿಯಿತು ಅಂತ ನಾವು ಉಳಿದುಕೊಳ್ಳುವ ಹೋಂಸ್ಟೇಯ ಅಕ್ಕ ಫೋನ್ ಮಾಡಿ ಹೇಳಿದರು. ರಾತ್ರಿ ಅವರ ಅಂಗಳಕ್ಕೇ ಬೆಂಕಿಯ ಸಾಲು ಕಾಣುತ್ತಿತ್ತಂತೆ. ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ ತುಂಬ ಕರಿ ಬೂದಿ. ಅತ್ತೆಗೆ ಉಬ್ಬಸ, ಅವರನ್ನು ತಂಗಿ ಮನೆಗೆ ಕಳಿಸಿದ್ದರು. ನೀವು ಕೂಡಲೇ ಚಾರಣದ ದಾರಿ ಮುಚ್ಚಿದಿರಿ. ಸರಿಯಾದ ಕೆಲಸ. ಆಮೇಲೆ ಏಪ್ರಿಲ್‌ನಲ್ಲಿ, ಮೂರು ದಿನ ಸಾಲು ರಜೆ ಬಂದ ವಾರವೇ, ಮತ್ತೆ ತೆರೆದಿರಿ. ನಾವೂ ಹೋದೆವು.

ತೆರೆದದ್ದಕ್ಕೆ ನನ್ನ ತಕರಾರಿಲ್ಲ. ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ತೆರೆದಿರಲ್ಲ, ತಕರಾರು ಅದಕ್ಕೆ.

ಚೆಕ್‌ಪೋಸ್ಟ್‌ನಲ್ಲಿ ಟಿಕೆಟ್ ಕೊಟ್ಟರು. ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ಬಾಟಲಿ ಇದೆಯಾ ಅಂತ ನೋಡಿದರು. ಒಳ್ಳೆಯದೇ. ಆದರೆ ಬೆಂಕಿಪೊಟ್ಟಣ ಇದೆಯಾ, ಲೈಟರ್ ಇದೆಯಾ ಅಂತ ಯಾರೂ ಕೇಳಲಿಲ್ಲ. ಯಾವ ಗುಡ್ಡ ಸುಟ್ಟಿದೆ, ಯಾವ ದಾರಿ ಸರಿ ಇದೆ, ಯಾವ ಕಡೆ ಹೋಗಬಾರದು ಅಂತ ಯಾರೂ ಹೇಳಲಿಲ್ಲ. ಹಳೇ ನಕ್ಷೆಯ ಬೋರ್ಡ್ ಹಾಗೇ ನಿಂತಿತ್ತು, ಅದರಲ್ಲಿ ಎಲ್ಲ ಗುಡ್ಡವೂ ಹಸಿರು ಬಣ್ಣ. ಹೊಸದಾಗಿ ಕಂಡದ್ದು ಒಂದು ಫ್ಲೆಕ್ಸ್ ಮಾತ್ರ. ಬೆಟ್ಟ ಮತ್ತೆ ಚಿಗುರಿದೆ, ಬನ್ನಿ ಅಂತ ಅದರಲ್ಲಿ ಬರೆದಿತ್ತು.

ಎರಡನೇ ತಿರುವು ದಾಟಿದ ಮೇಲೆ ಸುಟ್ಟ ಕಡೆ ಶುರುವಾಯಿತು. ದಾರಿಯ ಎಡಕ್ಕೆ ಹುಲ್ಲು ಮೊದಲಿನ ಹಾಗೇ ಒಣಗಿ ನಿಂತಿದೆ. ಬಲಕ್ಕೆ ಇಡೀ ಇಳಿಜಾರು ಕಪ್ಪು, ಅದರ ಮೇಲೆ ಅಲ್ಲಲ್ಲಿ ಎಳೆ ಹುಲ್ಲು. ನಡೆಯುವ ದಾರಿಯೇ ಬೆಂಕಿಗೆ ಅಡ್ಡ ಗೆರೆ ಎಳೆದಿತ್ತು. ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಗಾಳಿ ಎದ್ದಾಗ ಬೂದಿ ಹಾರಿ ಕಣ್ಣಿಗೆ ಬೀಳುತ್ತಿತ್ತು.

ಸ್ವಲ್ಪ ಮುಂದೆ ದೊಡ್ಡ ಮರವೊಂದು ದಾರಿಗೆ ಬಾಗಿ ನಿಂತಿತ್ತು. ಮೇಲಿನ ಕೊಂಬೆಗಳಲ್ಲಿ ಎಲೆ ಇದೆ, ನೋಡಿದರೆ ಜೀವಂತ ಮರ. ಬುಡಕ್ಕೆ ಬಂದು ನೋಡಿ: ಗುಡ್ಡದ ಕಡೆಯ ಅರ್ಧ ಬುಡ ಸುಟ್ಟು ಒಳಗೆ ಗವಿ ಆಗಿದೆ. ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತದೆ, ಕೈ ತುಂಬ ಇದ್ದಿಲು ಬರುತ್ತದೆ. ಉಳಿದ ಅರ್ಧದ ಮೇಲೆ ಅಷ್ಟೂ ಭಾರ ನಿಂತಿದೆ. ಅದರ ನೆರಳಲ್ಲೇ ಜನ ಕೂತು ಸುಧಾರಿಸಿಕೊಳ್ಳುತ್ತಿದ್ದರು, ಯಾಕೆಂದರೆ ಆ ದಾರಿಯಲ್ಲಿ ಈಗ ಉಳಿದಿರುವ ನೆರಳು ಅದೊಂದೇ. ಬೆಂಕಿ ಆರಿದ ಮೇಲೆ ವಾರ, ತಿಂಗಳು ಬಿಟ್ಟು ಇಂಥ ಮರಗಳು ಬೀಳುತ್ತವೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗಾಳಿಯೂ ಬೇಕಾಗಿಲ್ಲ. ಒಂದು ಕೆಂಪು ಪಟ್ಟಿ ಸುತ್ತಿದ್ದರೆ ಸಾಕಿತ್ತು.

ಇನ್ನೊಂದು ಕಂಡದ್ದನ್ನು ಹೇಳಿಬಿಡುತ್ತೇನೆ. ನಮ್ಮ ಮುಂದೆ ಒಂದು ಕುಟುಂಬ ಹೋಗುತ್ತಿತ್ತು. ಎಂಟೊಂಬತ್ತು ವರ್ಷದ ಹುಡುಗ ದಾರಿ ಬಿಟ್ಟು ಪಕ್ಕಕ್ಕೆ ಕಾಲಿಟ್ಟ. ನೆಲ ಸಪಾಟಾಗೇ ಇತ್ತು, ಮೇಲೆ ಬೂದಿ ಮಾತ್ರ. ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಮರ ಬಿದ್ದು ಹೋದ ಮೇಲೂ ನೆಲದೊಳಗೆ ಬೇರು ನಿಧಾನವಾಗಿ ಉರಿಯುತ್ತಾ ಹೋಗುತ್ತದೆ, ಬೇರು ಇದ್ದ ಜಾಗ ಟೊಳ್ಳಾಗುತ್ತದೆ. ಅಂಥ ಗುಂಡಿ ಅದು. ಪುಣ್ಯಕ್ಕೆ ಒಳಗೆ ಕೆಂಡ ಇರಲಿಲ್ಲ. ಕಾಲು ತರಚಿತು, ಹುಡುಗ ಅತ್ತ, ಅವರಮ್ಮ ನಮ್ಮನ್ನು ಕೇಳಿದರು: 'ಇದು ಏನು? ಯಾರೂ ಹೇಳಲಿಲ್ಲವಲ್ಲ?' ಅವರಿಗೆ ನಾನು ಏನು ಹೇಳಬೇಕಿತ್ತು ಹೇಳಿ.

ಈಗ ಆ ಫ್ಲೆಕ್ಸ್ ವಿಷಯಕ್ಕೆ ಬರುತ್ತೇನೆ. ಬೆಟ್ಟ ಚಿಗುರಿದೆ ಅನ್ನುವುದು ಸುಳ್ಳಲ್ಲ. ಹುಲ್ಲಿನ ಬೇರು, ಗೆಡ್ಡೆ ಎಲ್ಲ ನೆಲದೊಳಗೆ ಇರುತ್ತವೆ. ಹುಲ್ಲಿನ ಬೆಂಕಿ ಸರಸರ ಅಂತ ಓಡಿಬಿಡುತ್ತದೆ, ನೆಲದ ಆಳಕ್ಕೆ ಬಿಸಿ ಇಳಿಯುವುದಿಲ್ಲ. ಒಂದೆರಡು ಬೇಸಿಗೆ ಮಳೆ ಬಿದ್ದರೆ ಕೆಲವೇ ವಾರಗಳಲ್ಲಿ ಕಪ್ಪು ನೆಲದಿಂದ ಹಸಿರು ಏಳುತ್ತದೆ. ಫೋಟೋದಲ್ಲಂತೂ ಬಹಳ ಚೆನ್ನಾಗಿ ಬರುತ್ತದೆ. ಆದರೆ ಆ ಹಸಿರು ಹುಲ್ಲಿನದ್ದು ಮಾತ್ರ. ಬೆಟ್ಟ ಅಂದರೆ ಬರೀ ಹುಲ್ಲಲ್ಲ, ಅಲ್ವಾ?

ಶೋಲೆಯ ಕಥೆ ಬೇರೆ. ಅಲ್ಲಿನ ಮರಗಳು ಮಂಜು, ತೇವ, ನೆರಳಿನಲ್ಲಿ ಬೆಳೆದವು. ಮೈಮೇಲೆ ಹಾವಸೆ, ಆರ್ಕಿಡ್. ಬಯಲುಸೀಮೆಯ ಕುರುಚಲು ಕಾಡಿನ ಮರಗಳ ಹಾಗೆ ಬೆಂಕಿ ತಡೆಯುವ ದಪ್ಪ ತೊಗಟೆ ಅವಕ್ಕಿಲ್ಲ. ಸಾಮಾನ್ಯ ವರ್ಷಗಳಲ್ಲಿ ಹುಲ್ಲಿನ ಬೆಂಕಿ ಶೋಲೆಯ ಅಂಚಿಗೆ ಬಂದು, ತೇವಕ್ಕೆ ಅಲ್ಲೇ ನಿಲ್ಲುತ್ತದೆ. ಒಣ ವರ್ಷದಲ್ಲಿ ಅಂಚನ್ನು ಸ್ವಲ್ಪ ತಿನ್ನುತ್ತದೆ. ಮರುವರ್ಷ ಆ ಅಂಚಿನಲ್ಲಿ ಜರಿಗಿಡ, ಲಂಟಾನ, ಒಣ ಪೊದೆ ಬೆಳೆಯುತ್ತವೆ. ಆಮೇಲೆ ಬರುವ ಬೆಂಕಿಗೆ ಒಳಗೆ ಹೋಗಲು ಅದೇ ದಾರಿ. ಹೀಗೆ ವರ್ಷಕ್ಕಿಷ್ಟು ಅಂತ ಶೋಲೆ ಸಣ್ಣದಾಗುತ್ತದೆ, ದೂರದಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ನಾವು ನೀರು ತುಂಬಿಕೊಳ್ಳುತ್ತಿದ್ದ ಬಂಡೆಯ ಮೇಲಿನ ಶೋಲೆಯ ಹೊರಸಾಲು ಈ ಸಲ ಪೂರ್ತಿ ಹೋಗಿದೆ. ಎಲೆಗಳೆಲ್ಲ ಕಂದು ಬಣ್ಣಕ್ಕೆ ಸುರುಟಿ ಕೊಂಬೆಯಲ್ಲೇ ಅಂಟಿಕೊಂಡಿವೆ. ಬಂಡೆ ಕೆಳಗೆ ನೀರಿತ್ತು. ಮೇಲೆ ತೆಳುವಾದ ಕಪ್ಪು ಕೆನೆ ಇತ್ತು.

ಇದು ಬರೀ ಚೆಂದದ ವಿಷಯ ಅಲ್ಲ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಇಂಥದೇ ಹುಲ್ಲು ಮತ್ತು ಶೋಲೆಯ ಬೆಟ್ಟದಲ್ಲಿ. ಮಳೆಗಾಲದ ನೀರು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪ ಬಿಡುವುದು ಈ ಕಾಡು. ಕೆಳಗಿನ ತೋಟದವರು, ಊರಿನವರು, ಬಯಲಿನವರು ಎಲ್ಲರೂ ಆ ನೀರಿನ ಮೇಲೆ ಬದುಕುತ್ತಿದ್ದಾರೆ.

ಇಂಥ ಜಾಗಕ್ಕೆ ಆ ಮೂರು ದಿನ ಎಷ್ಟು ಜನ ಬಂದರು ಅಂತ ನಿಮ್ಮ ಟಿಕೆಟ್ ಪುಸ್ತಕ ಹೇಳುತ್ತದೆ. ನಾನು ಕಂಡದ್ದು ಹೇಳುತ್ತೇನೆ. ಎಳೆ ಹುಲ್ಲಿನ ಮೇಲೆ ಓಡಾಟ, ಉರುಳಾಟ, ರೀಲ್ಸ್. ಸುಟ್ಟ ಇಳಿಜಾರಿನಲ್ಲಿ ಹುಲ್ಲು ಅಡ್ಡ ಇಲ್ಲವಲ್ಲ, ಹಾಗಾಗಿ ಜೀಪಿನವರು ದಾರಿ ಬಿಟ್ಟು ನೇರ ಮೇಲಕ್ಕೆ ಹತ್ತಿಸಿದ್ದರು. ಬೂದಿ ಮೇಲೆ ಟೈರಿನ ಎರಡು ಸಾಲು ಆಳವಾಗಿ ಬಿದ್ದಿದ್ದವು. ಜೂನ್‌ನಲ್ಲಿ ಅದರಲ್ಲಿ ಮೊದಲು ನೀರು ಹರಿಯುತ್ತದೆ, ಆಮೇಲೆ ಮಣ್ಣು ಹರಿಯುತ್ತದೆ. ಟಿಟ್ಟಿಭ, ಕಾಡುಕೋಳಿ ನೆಲದ ಮೇಲೆ ಮೊಟ್ಟೆ ಇಡುವ ಕಾಲ ಇದು. ಬೆಂಕಿಯಲ್ಲಿ ಒಂದು ಗೂಡು ಹೋದರೆ ಕೆಲವು ಹಕ್ಕಿ ಮತ್ತೆ ಮೊಟ್ಟೆ ಇಡುತ್ತವೆ. ಆ ಎರಡನೇ ಸಲದ ಮೊಟ್ಟೆ ಮೇಲೆ ನಾವು ಶೂ ಹಾಕಿಕೊಂಡು ನಡೆಯುತ್ತಿದ್ದೇವೆ.

ವ್ಯೂಪಾಯಿಂಟ್‌ನಲ್ಲಿ ಒಬ್ಬರು ಸಿಗರೇಟ್ ಹಚ್ಚಿದರು. ನಾನು ಬೇಡ ಅಂದೆ. 'ಎಲ್ಲ ಸುಟ್ಟಾಗಿದೆ ಮೇಡಂ, ಇನ್ನೇನು ಸುಡುತ್ತೆ?' ಅಂತ ನಕ್ಕರು. ಅವರು ನಿಂತ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಸುಡದೇ ಉಳಿದ ಒಣ ಹುಲ್ಲು ಸೊಂಟದ ಮಟ್ಟಕ್ಕಿತ್ತು. ಕಾಡಿನ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರನ್ನು ಬೈದು ಪ್ರಯೋಜನ ಇಲ್ಲ. ಗೇಟಿನಲ್ಲಿ ಯಾರಾದರೂ ಎರಡು ಮಾತು ಹೇಳಿದ್ದರೆ ಅವರು ಹಾಗೆ ನಗುತ್ತಿರಲಿಲ್ಲ.

ನಾನು ದೊಡ್ಡದು ಮಾಡುತ್ತಿದ್ದೇನೆ ಅನ್ನಿಸಿದರೆ 2018ರ ಮಾರ್ಚ್ ನೆನಪು ಮಾಡಿಕೊಳ್ಳಿ. ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಸಿಕ್ಕಿದರು. 23 ಜನ ಸತ್ತರು. ಓಡಿ ತಪ್ಪಿಸಿಕೊಳ್ಳೋಣ ಅಂದರೆ ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುವ ವೇಗಕ್ಕೆ ಮನುಷ್ಯರ ಕಾಲು ಸಾಲುವುದಿಲ್ಲ. ನಮ್ಮ ಬೆಟ್ಟದ ಇಳಿಜಾರು ಅದಕ್ಕಿಂತ ಏನೂ ಕಡಿಮೆಯಿಲ್ಲ. ಅರ್ಧ ಸುಟ್ಟು ಅರ್ಧ ಉಳಿದ ಗುಡ್ಡಕ್ಕೆ, ಏಪ್ರಿಲ್ ಬಿಸಿಲಿನಲ್ಲಿ, ಲೆಕ್ಕವಿಲ್ಲದೆ ಜನರನ್ನು ಬಿಡುವಾಗ ಆ ಹೆಸರು ಯಾರಿಗೂ ನೆನಪಾಗಲಿಲ್ಲವೇ?

ಇಳಿದು ಬರುವಾಗ ನಿಮ್ಮ ಒಬ್ಬ ಫೈರ್ ವಾಚರ್ ಸಿಕ್ಕರು. ಪಕ್ಕದ ಊರಿನವರು, ನನ್ನ ಅಣ್ಣನ ವಯಸ್ಸು. ಬೇಸಿಗೆ ಮೂರ್ನಾಲ್ಕು ತಿಂಗಳು ದಿನಗೂಲಿ ಮೇಲೆ ಕೆಲಸ. ಕಾಲಲ್ಲಿ ಹವಾಯಿ ಚಪ್ಪಲಿ. ಒಂದು ಚಪ್ಪಲಿಯ ಹಿಮ್ಮಡಿ ಕಡೆ ಕರಗಿ ಗಂಟು ಕಟ್ಟಿಕೊಂಡಿತ್ತು. 'ಬೂಟು ಕೊಟ್ಟಿಲ್ವಾ ಅಣ್ಣ?' ಅಂದೆ. 'ಕೊಡ್ತೀವಿ ಅಂದಿದ್ರು ಮೇಡಂ. ಬೆಂಕಿ ಬಂತು, ಬೂಟು ಬರ್ಲಿಲ್ಲ' ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಅವರು ಬೆಂಕಿ ಆರಿಸಿದ್ದು ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು. ಎರಡು ರಾತ್ರಿ ಮಲಗಿಲ್ಲ. ನೀರು ಕೆಳಗಿನಿಂದ ಊರಿನ ಹುಡುಗರು ಹೊತ್ತು ತಂದರಂತೆ. ಎರಡು ತಿಂಗಳ ಕೂಲಿ ಇನ್ನೂ ಬಂದಿಲ್ಲ ಅಂತ ನಾನು ಕೇಳಿದ ಮೇಲೆ ಹೇಳಿದರು, ಹೇಳಿ ಆಮೇಲೆ 'ಬರುತ್ತೆ ಬಿಡಿ' ಅಂತ ತಾವೇ ಸಮಾಧಾನ ಮಾಡಿದರು.

ಹೀಗೆ ಬೆಂಕಿಗೆ ಎದುರು ನಿಂತವರು ಸತ್ತಿದ್ದಾರೆ. 2017ರಲ್ಲಿ ಬಂಡೀಪುರದಲ್ಲಿ ಒಬ್ಬ ಅರಣ್ಯ ರಕ್ಷಕ. 2023ರಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬರು. ಸತ್ತಾಗ ಪೇಪರಿನಲ್ಲಿ ಹೆಸರು ಬರುತ್ತದೆ, ಶ್ರದ್ಧಾಂಜಲಿ ಸಲ್ಲುತ್ತದೆ. ಬದುಕಿರುವವರಿಗೆ ಒಂದು ಜೊತೆ ಬೂಟು ಸಲ್ಲುವುದು ಯಾವಾಗ? ಟಿಕೆಟ್ ದುಡ್ಡಿನಲ್ಲಿ ಮೊದಲ ಪಾಲು ಇವರ ಕಾಲಿಗೆ ಹೋಗಬೇಕು ಅಂತ ಕೇಳುವುದು ಅತಿಯಾಯಿತಾ?

ಬೆಂಕಿ ಹೇಗೆ ಬಿತ್ತು ಅಂತ ಕೇಳಿದಾಗ ನಿಮ್ಮ ಕಚೇರಿಯಿಂದ ಸಿಕ್ಕ ಉತ್ತರ ಒಂದೇ: ಕಿಡಿಗೇಡಿಗಳು. ಪ್ರತಿ ವರ್ಷ ಇದೇ ಉತ್ತರ, ಪ್ರತಿ ವರ್ಷ ಅವರು ಅಪರಿಚಿತರೇ. ನಮ್ಮ ಕಾಡುಗಳಲ್ಲಿ ಬೇಸಿಗೆಯ ಬೆಂಕಿ ಬಹುತೇಕ ಮನುಷ್ಯರಿಂದಲೇ ಅನ್ನುವುದನ್ನು ಒಪ್ಪುತ್ತೇನೆ. ಕಾಡಿಗೆ ಬೆಂಕಿ ಹಾಕುವುದು ಅಪರಾಧ ಅಂತ 1963ರ ಕರ್ನಾಟಕ ಅರಣ್ಯ ಕಾಯ್ದೆ ಹೇಳುತ್ತದೆ, ಅಭಯಾರಣ್ಯಗಳ ಮಟ್ಟಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಹಾಕಿದವರು ಸಿಕ್ಕರೆ ಶಿಕ್ಷೆ ಆಗಲಿ. ಆದರೆ ಕಿಡಿ ಹಾಕಿದ್ದು ಯಾರು ಅನ್ನುವುದು ಅರ್ಧ ಪ್ರಶ್ನೆ. ಕಿಡಿ ಗುಡ್ಡಸಾಲಿನ ತುಂಬ ಹರಡಿದ್ದು ಹೇಗೆ ಅನ್ನುವುದು ಉಳಿದ ಅರ್ಧ. ಅದಕ್ಕೆ ಉತ್ತರ ಕೊಡಬೇಕಾದವರು ನೀವು.

ಬೇಸಿಗೆ ಬಲಿಯುವ ಮುಂಚೆಯೇ ಬೆಂಕಿ ರೇಖೆ ತೆಗೆದು ಮುಗಿಸಬೇಕು ಅನ್ನುವುದು ಹಳೇ ಪದ್ಧತಿ. ಹುಲ್ಲು ಕೊಯ್ದು, ನಿಗಾ ಇಟ್ಟು ಸುಟ್ಟು, ಬೆಂಕಿ ದಾಟಲಾರದ ಖಾಲಿ ಪಟ್ಟಿ ಮಾಡುವ ಕೆಲಸ. ಈ ವರ್ಷ ಆ ಗುಡ್ಡಸಾಲಿನಲ್ಲಿ ಅದು ಎಷ್ಟು ಆಗಿತ್ತು? ಊರಿನವರು ಹೇಳುವ ಪ್ರಕಾರ ರಸ್ತೆಬದಿಯಲ್ಲಿ ಆಗಿತ್ತು, ಅಂದರೆ ಜೀಪಿನಿಂದ ಕಾಣುವ ಕಡೆ. ಮೇಲಿನ ಏಣಿನಲ್ಲಿ ಆಗಿರಲಿಲ್ಲ. ಇದು ತಪ್ಪು ಅಂತಾದರೆ ಕೆಲಸದ ಲೆಕ್ಕ ಹಾಕಿ ತೋರಿಸಿ, ನಾನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ.

ಲಂಟಾನದ ಮಾತೂ ಇಲ್ಲೇ ಬರಬೇಕು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ಕೆರೆಯಿಂದ ನೀರೆತ್ತಿ ಸುರಿಯಬೇಕಾಯಿತು. 10,000 ಎಕರೆಗೂ ಜಾಸ್ತಿ ಕಾಡು ಸುಟ್ಟಿದೆ ಅಂತ ಉಪಗ್ರಹ ಚಿತ್ರ ನೋಡಿ ಲೆಕ್ಕ ಹಾಕಿದರು. ಅಲ್ಲಿ ಬೆಂಕಿಗೆ ಸೌದೆಯಾಗಿದ್ದರಲ್ಲಿ ಒಣಗಿ ನಿಂತ ಲಂಟಾನ ದೊಡ್ಡದು. ಹೂವಿನ ಗಿಡ ಅಂತ ಎರಡು ಶತಮಾನದ ಹಿಂದೆ ಬ್ರಿಟಿಷರ ಕಾಲದಲ್ಲಿ ತಂದದ್ದು, ಈಗ ಆನೆ ನುಗ್ಗಲಾರದಷ್ಟು ದಟ್ಟ. ನಮ್ಮ ಬೆಟ್ಟದ ತಪ್ಪಲಿನಲ್ಲೂ ಕಾಫಿ ತೋಟದ ಬೇಲಿ ದಾಟಿದ ಕೂಡಲೇ ಅದೇ ಪೊದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ತರಗು ಬೆಂಕಿ ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮುಂಚೆ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗ, ಬಿದ್ದ ಎಲೆಯನ್ನು ಮಾತ್ರ ಸುಟ್ಟು ಹೋಗುವ ಸಣ್ಣ ಬೆಂಕಿ. 1974ರಲ್ಲಿ ಆ ಬೆಟ್ಟ ವನ್ಯಜೀವಿ ಧಾಮ ಆದ ಮೇಲೆ ತರಗು ಬೆಂಕಿ ನಿಂತಿತು. ಆಮೇಲೇ ಲಂಟಾನ ಈ ಪಾಟಿ ಏರಿತು, ಈಗ ಬೆಂಕಿ ಬಿದ್ದರೆ ಮರದ ತಲೆ ಮುಟ್ಟುತ್ತದೆ ಅಂತ ಅಲ್ಲಿನ ಹಿರಿಯರು ಹೇಳುತ್ತಾರೆ, ಸಂಶೋಧಕರೂ ಅದನ್ನು ಗಂಭೀರವಾಗಿ ನೋಡಿದ್ದಾರೆ. ಶೋಲೆ ಬೆಟ್ಟಕ್ಕೆ ಅದೇ ಉಪಾಯ ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಒಣ ಕಾಡಿನ ಮಾತು ಬೇರೆ, ಮಂಜಿನ ಕಾಡಿನ ಮಾತು ಬೇರೆ. ಆದರೆ ಬೆಂಕಿಯ ಬಗ್ಗೆ ತಲೆಮಾರುಗಳ ತಿಳುವಳಿಕೆ ಇರುವ ಜನ ನಿಮ್ಮ ಗೇಟಿನ ಪಕ್ಕದಲ್ಲೇ ಇದ್ದಾರೆ. ಬೆಂಕಿ ಬಿದ್ದಾಗ ಆರಿಸಲು ಅವರು ಬೇಕು, ಯೋಚನೆ ಮಾಡುವಾಗ ಬೇಡ. ಇದು ಸುಮ್ನೆ ಹೇಳುವ ಮಾತಲ್ಲ. ಕಾಡ್ಗಿಚ್ಚಿನ ಬಗ್ಗೆ ಕೇಂದ್ರ ಸರ್ಕಾರ 2018ರಲ್ಲಿ ಮಾಡಿದ ರಾಷ್ಟ್ರೀಯ ಕ್ರಿಯಾ ಯೋಜನೆಯೇ ಕಾಡಂಚಿನ ಜನರನ್ನು ಜೊತೆಗೆ ಸೇರಿಸಿಕೊಳ್ಳಿ ಅನ್ನುತ್ತದೆ.

ಮಳೆ ಹತ್ತಿರ ಬರುತ್ತಿದೆ, ಅದಕ್ಕೇ ಈ ಅವಸರ. ಸುಟ್ಟ ಇಳಿಜಾರಿನಲ್ಲಿ ಮಣ್ಣು ಹಿಡಿಯಲು ಗಿಡ ಇರುವುದಿಲ್ಲ. ಬೆಂಕಿ ಜೋರಾಗಿದ್ದ ಕಡೆ ಮೇಲ್ಮಣ್ಣು ನೀರನ್ನೇ ಕುಡಿಯುವುದಿಲ್ಲ, ಮಳೆ ನೀರು ಬೂದಿ, ಮಣ್ಣು, ಕಲ್ಲು ಸೇರಿಸಿಕೊಂಡು ಒಟ್ಟಿಗೆ ಇಳಿಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2017ರ ಡಿಸೆಂಬರ್‌ನಲ್ಲಿ ದೊಡ್ಡ ಕಾಡ್ಗಿಚ್ಚು ಬಿತ್ತು. ಮರು ತಿಂಗಳು, 2018ರ ಜನವರಿಯಲ್ಲಿ, ಅದೇ ಸುಟ್ಟ ಬೆಟ್ಟಗಳ ಮೇಲೆ ಜೋರು ಮಳೆ ಬಂದು ಮಾಂಟೆಸಿಟೋ ಊರಿನ ಮೇಲೆ ಕೆಸರು, ಬಂಡೆ ಉರುಳಿ 23 ಜನ ಸತ್ತರು. ಅಲ್ಲಿನ ಅರಣ್ಯ ಸೇವೆ ದೊಡ್ಡ ಬೆಂಕಿ ಹತೋಟಿಗೆ ಬರುತ್ತಿದ್ದ ಹಾಗೇ ಒಂದು ತಂಡ ಕಳಿಸುತ್ತದೆ. ಮಣ್ಣು ತಿಳಿದವರು, ನೀರು ತಿಳಿದವರು, ರಸ್ತೆ ಎಂಜಿನಿಯರ್‌ಗಳು ಸೇರಿ ಎಲ್ಲಿ ಕುಸಿಯಬಹುದು, ಯಾವ ದಾರಿ ಮುಚ್ಚಬೇಕು ಅಂತ ಬರೆದು ಕೊಡುತ್ತಾರೆ. ನಮ್ಮಲ್ಲಿ ಮಳೆ ಅದರ ಎಷ್ಟೋ ಪಟ್ಟು ಜಾಸ್ತಿ. ನಮ್ಮ ಬೆಟ್ಟದ ಸುಟ್ಟ ಇಳಿಜಾರಿನ ನೇರ ಕೆಳಗೆ ಕೂಲಿ ಲೈನಿನ ಮನೆಗಳಿವೆ. ಅಲ್ಲಿಗೆ ಯಾರಾದರೂ ಹೋಗಿ ನೋಡಿದ್ದಾರಾ? ಟಿಕೆಟ್ ಕೌಂಟರ್ ತೆರೆಯುವುದಕ್ಕಿಂತ ಮೊದಲು ಆಗಬೇಕಿದ್ದ ಕೆಲಸ ಅದು.

ಹಾಗಾದರೆ ಬೆಟ್ಟ ಮುಚ್ಚಿಬಿಡಿ ಅನ್ನುತ್ತೀರಾ ಅಂತ ನೀವು ಕೇಳಬಹುದು. ಇಲ್ಲ. ಹೋಂಸ್ಟೇ ಅಕ್ಕನಿಗೆ ಮಾರ್ಚ್ ಪೂರ್ತಿ ಬುಕಿಂಗ್ ರದ್ದಾಯಿತು. ಜೀಪು ಸಾಲದಲ್ಲಿ ತಗೊಂಡ ಹುಡುಗರಿದ್ದಾರೆ, ಕಂತು ಬೆಂಕಿ ಬಿತ್ತು ಅಂತ ನಿಲ್ಲುವುದಿಲ್ಲ. ಬೆಂಕಿ ಆರಿಸಲು ಓಡಿದವರೂ ಅವರೇ. ಇಡೀ ಬೆಟ್ಟಕ್ಕೆ ಬೀಗ ಹಾಕಿದರೆ ಶಿಕ್ಷೆ ಆಗುವುದು ಅವರಿಗೆ, ಬೆಂಕಿ ಹಾಕಿದವರಿಗಲ್ಲ. ಜೊತೆಗೆ, ಮುಚ್ಚಿದ ಕಾಡಿನಲ್ಲಿ ಏನಾಗುತ್ತಿದೆ ಅಂತ ನೋಡುವ ಕಣ್ಣೂ ಕಡಿಮೆಯಾಗುತ್ತದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ಬಂದು ದಾರಿಯಲ್ಲಿ ಸಾಲು ನಿಂತ ವಿಡಿಯೋ ಎಲ್ಲರೂ ನೋಡಿದೆವು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆದು, ಜನರ ಸಂಖ್ಯೆಗೆ ಮಿತಿ ತಂದಿತು. ಅಂದರೆ ಪೂರ್ತಿ ಮುಚ್ಚುವುದು, ಪೂರ್ತಿ ತೆರೆಯುವುದು ಎರಡರ ನಡುವೆ ದಾರಿ ಇದೆ, ನಿಮಗೆ ಅದು ಗೊತ್ತೂ ಇದೆ. ಸುಟ್ಟ ಬೆಟ್ಟಕ್ಕೂ ಅದನ್ನೇ ಬಳಸಿ ಅನ್ನುತ್ತಿದ್ದೇನೆ.

ನನ್ನ ಕೋರಿಕೆಗಳು ದೊಡ್ಡವಲ್ಲ. ಮೊದಲನೆಯದು, ಎಲ್ಲಿ ಸುಟ್ಟಿದೆ ಅಂತ ಜನರಿಗೆ ಹೇಳಿ. ಚೆಕ್‌ಪೋಸ್ಟ್‌ನಲ್ಲಿ ಒಂದು ನಕ್ಷೆ ಹಾಕಿ, ಸುಟ್ಟ ಕಡೆ ಕಪ್ಪು ಬಣ್ಣ ಬಳಿಯಿರಿ, ಬೆಂಕಿ ಬಿದ್ದ ದಿನ ಬರೆಯಿರಿ. ಮಾಹಿತಿ ಇಲ್ಲ ಅನ್ನುವ ಹಾಗಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಉಪಗ್ರಹದ ಮೂಲಕ ಬೆಂಕಿಯ ಜಾಗ ಗುರುತಿಸಿ ರಾಜ್ಯಗಳಿಗೆ ಕಳಿಸುತ್ತಿದೆ. ಈಗಿನ ಉಪಗ್ರಹ 375 ಮೀಟರ್ ಚೌಕದ ಮಟ್ಟದಲ್ಲಿ ಬೆಂಕಿ ಹಿಡಿದು ತೋರಿಸುತ್ತದೆ. ಹೆಸರು ನೋಂದಾಯಿಸಿಕೊಂಡರೆ ನಮ್ಮಂಥವರ ಮೊಬೈಲಿಗೂ ಆ ಎಚ್ಚರಿಕೆ ಬರುತ್ತದೆ. ಅಂದ ಮೇಲೆ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಆ ಹಳೇ ಬೋರ್ಡಿನ ಮೇಲೆ ಒಂದು ಹಾಳೆ ಅಂಟಿಸಿದರೂ ಸಾಕು.

ಸುಟ್ಟ ಇಳಿಜಾರುಗಳಿಗೆ ಒಂದು ಪೂರ್ತಿ ಮಳೆಗಾಲ ಬಿಡುವು ಕೊಡಿ. ಅಲ್ಲಿಗೆ ಕಾಲು, ಜೀಪು, ದನ ಯಾವುದೂ ಬೇಡ. ಉಳಿದ ದಾರಿ ತೆರೆದಿರಲಿ. ದಾರಿಬದಿಯ ಪ್ರತಿ ಮರದ ಬುಡ ನೋಡಿ ಗುರುತು ಹಾಕಿ. ಬೀಳುವಂಥದ್ದಿದ್ದರೆ ದಾರಿಯನ್ನು ಆಚೆಗೆ ತಿರುಗಿಸಿ, ಸುಮ್ಮಸುಮ್ಮನೆ ಮರ ಕಡಿಯುವುದು ಬೇಡ. ಸತ್ತ ಮರವೂ ಗೂಬೆಗೆ, ಮರಕುಟಿಗಕ್ಕೆ ಮನೆ. ಇನ್ನೊಂದು: ಹಸಿರು ಮಾಡುತ್ತೇವೆ ಅಂತ ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಅಕೇಶಿಯಾವನ್ನೋ ಸಿಕ್ಕಿದ ಸಸಿಯನ್ನೋ ನೆಡಬೇಡಿ. ವನಮಹೋತ್ಸವದ ಫೋಟೋಗೆ ಬೇರೆ ಜಾಗ ಬೇಕಾದಷ್ಟಿದೆ. ಹುಲ್ಲು ತಾನೇ ಬರುತ್ತದೆ. ಶೋಲೆಯ ಅಂಚಿನಲ್ಲಿ ಲಂಟಾನ ಏಳದ ಹಾಗೆ ಎರಡು ಮೂರು ವರ್ಷ ಕಿತ್ತರೆ ಸಾಕು, ಆ ಕೆಲಸ ಊರಿನವರಿಗೇ ಕೊಟ್ಟು ಕೂಲಿ ಕೊಡಿ.

ವಾಚರ್‌ಗಳ ಬಾಕಿ ಕೂಲಿ ಈ ತಿಂಗಳೇ ಕೊಡಿ. ಬೂಟು, ದಪ್ಪ ಬಟ್ಟೆ, ತಲೆಗೆ ಕಟ್ಟುವ ಟಾರ್ಚು, ವಿಮೆ ಇವು ಮುಂದಿನ ಜನವರಿಯೊಳಗೆ ಅವರ ಕೈಯಲ್ಲಿರಲಿ. ಫೆಬ್ರವರಿಯಲ್ಲಿ ಟೆಂಡರ್ ಕರೆದರೆ ಜೂನ್‌ನಲ್ಲಿ ಬರುತ್ತದೆ, ಅಷ್ಟರಲ್ಲಿ ಮಳೆಯೇ ಬೆಂಕಿ ಆರಿಸಿರುತ್ತದೆ. ಡಿಸೆಂಬರ್‌ನಲ್ಲಿ ಒಂದು ದಿನ ಊರಿನವರನ್ನು, ತೋಟದವರನ್ನು, ಹೋಂಸ್ಟೇಯವರನ್ನು, ಜೀಪಿನವರನ್ನು ಕೂರಿಸಿಕೊಂಡು ಬೆಂಕಿ ರೇಖೆ ಎಲ್ಲೆಲ್ಲಿ ಬೇಕು ಅಂತ ಅವರ ಬಾಯಲ್ಲೇ ಕೇಳಿ. ಕೇಳಿದ್ದನ್ನು, ಮಾಡಿದ್ದನ್ನು ಪಂಚಾಯಿತಿ ಕಚೇರಿ ಗೋಡೆಗೆ ಹಾಕಿ.

ಮತ್ತೆ ತೆರೆಯುವ ದಿನವನ್ನು ರಜೆ ನೋಡಿ ನಿರ್ಧರಿಸಬೇಡಿ. ಬೆಟ್ಟ ನೋಡಿ ನಿರ್ಧರಿಸಿ.

ನಮ್ಮ ಕಡೆಯಿಂದಲೂ ಒಂದು ಮಾತು. ಟಿಕೆಟ್ ದರ ಸ್ವಲ್ಪ ಏರಿಸಿ, ಅದು ವಾಚರ್‌ಗಳಿಗೆ ಹೋಗುತ್ತದೆ ಅಂತ ರಸೀದಿಯಲ್ಲಿ ಬರೆದರೆ ನಾವು ಕೊಡುತ್ತೇವೆ. ಒಳಗೆ ಬಿಡುವ ಮುಂಚೆ ಹತ್ತು ನಿಮಿಷ ನಿಲ್ಲಿಸಿ ಬೆಂಕಿಯ ಬಗ್ಗೆ ಹೇಳಿದರೆ ನಿಂತು ಕೇಳುತ್ತೇವೆ. ಬೈಯುವವರು ಇರುತ್ತಾರೆ, ಇರಲಿ. ಆ ಕೆಲಸಕ್ಕೆ ಊರಿನ ಕಾಲೇಜು ಹುಡುಗರನ್ನೇ ಹಾಕಿಕೊಳ್ಳಿ, ಅವರು ಬೆಂಕಿಯನ್ನು ಕಣ್ಣಾರೆ ಕಂಡವರು. ನನ್ನ ಮಗಳಂತೂ ಆ ಬುಡ ಸುಟ್ಟ ಮರದ ಫೋಟೋಗಳನ್ನು, ಟೊಳ್ಳು ನೆಲದ ಫೋಟೋಗಳನ್ನು ಜಾಗದ ಗುರುತಿನ ಸಮೇತ ತೆಗೆದಿಟ್ಟಿದ್ದಾಳೆ. ಅವನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನಿಷ್ಠ ಅಷ್ಟು ಜಾಗಗಳಿಗಾದರೂ ಪಟ್ಟಿ ಸುತ್ತುವ ಕೆಲಸ ನಾಳೆಯೇ ಮಾಡಬಹುದು, ಅದಕ್ಕೆ ಯಾವ ಮಂಜೂರಾತಿಯೂ ಬೇಕಾಗಿಲ್ಲ.

ಮೇ ಕೊನೆಯೊಳಗೆ, ಮಳೆ ಹಿಡಿಯುವ ಮುಂಚೆ, ನಿಮ್ಮಿಂದ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಬಾರದಿದ್ದರೆ ಬೆಂಕಿ ರೇಖೆಯ ಲೆಕ್ಕ, ವಾಚರ್‌ಗಳ ಕೂಲಿಯ ಲೆಕ್ಕ, ತೆರೆಯಲು ಒಪ್ಪಿಗೆ ಕೊಟ್ಟ ಆದೇಶದ ಪ್ರತಿ ಈ ಮೂರನ್ನೂ ಮಾಹಿತಿ ಹಕ್ಕಿನಡಿ ಕೇಳುತ್ತೇನೆ. ಅರ್ಜಿ ಈಗಾಗಲೇ ಬರೆದಿಟ್ಟಿದ್ದೇನೆ.

ಇಂತಿ ನಮಸ್ಕಾರಗಳೊಂದಿಗೆ,
ವರ್ಷವರ್ಷ ಆ ಬೆಟ್ಟಕ್ಕೆ ಬಂದು ಹೋಗುವವಳು